ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ಮತ್ತು ಮುಂದಿನ ಸೀಟು

"ಕೋಟಿಯಲ್ಲಿ ಒಂದು ಪಾಲು!" ಎಂದಳು ಮೊಂಡಿ. ಅವಳ ಕೈ ಆಗಲೇ ವ್ಯಾನಿನ ಮುಂದಿನ ಬಾಗಿಲ ಮೇಲಿತ್ತು.

"ಎರಡು ಕೋಟಿಯಲ್ಲಿ ಒಂದು ಪಾಲು," ಎಂದ ಅಣ್ಣ, ಆಕಳಿಸುತ್ತಾ. "ಹೋಗ್ ಹಿಂದೆ."

"ಹತ್ತು ಕೋಟಿ ಅನ್ನಬೇಕಿತ್ತು," ಎಂದು ಗೊಣಗುತ್ತಾ ಮೊಂಡಿ ಹಿಂದೆ ಹೋದಳು. ವಾರವಿಡೀ ಅವಳು ಹಿಂದೆಯೇ ಹೋಗಿದ್ದಳು.

ಅವರಮ್ಮ ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ಅಮ್ಮನ ಪಕ್ಕ ಇರುವುದು ಒಂದೇ ಸೀಟು. ಮೊದಲ ಸ್ಟಾಪ್ ಬರುವವರೆಗೆ ಅಲ್ಲಿ ಕೂತವರ ಜೊತೆ ಅಮ್ಮ ಹರಟುತ್ತಾಳೆ. ಆಮೇಲೆ ವ್ಯಾನ್ ತುಂಬ ಮಕ್ಕಳ ಗಲಾಟೆ. ಸಂಜೆ ಮನೆಯಲ್ಲಿ ಅಡುಗೆ, ಪಾತ್ರೆ, ಬಟ್ಟೆ. ಅಮ್ಮ ಪೂರ್ತಿಯಾಗಿ ಸಿಗುವುದು ಆ ಸೀಟಿನಲ್ಲಿ ಮಾತ್ರ. ಅದಕ್ಕೇ ದಿನಾ ಜಗಳ.

ಜಗಳ ಬೇಡವೆಂದು ಅಣ್ಣ ಒಂದು ಆಟ ಹುಡುಕಿದ್ದ. ಇಬ್ಬರೂ ಒಂದೊಂದು ಸಂಖ್ಯೆ ಹೇಳಬೇಕು. ಅದು ಸೊನ್ನೆಗಿಂತ ದೊಡ್ಡದಿರಬೇಕು. ಯಾರದು ಚಿಕ್ಕದೋ ಅವರಿಗೆ ಸೀಟು. ವಯಸ್ಸಿನಲ್ಲಿ ಚಿಕ್ಕವರು ಮೊದಲು ಹೇಳಬೇಕು ಎಂಬ ರೂಲೂ ಅವನದೇ.

ತಾನು ದಡ್ಡಿ ಇರಬೇಕು ಎಂದು ಮೊಂಡಿಗೆ ಅನಿಸತೊಡಗಿತ್ತು. ಸೀಟು ಹೋದದ್ದಕ್ಕಿಂತ ಅದೇ ಅವಳಿಗೆ ಹೆಚ್ಚು ಬೇಜಾರು. ಆದರೂ ಹೆಸರಿಗೆ ತಕ್ಕ ಹಾಗೆ ಹಟ ಬಿಡಲಿಲ್ಲ. ಎಲ್ಲಕ್ಕಿಂತ ಚಿಕ್ಕದು ಅಂತ ಒಂದು ಸಂಖ್ಯೆ ಇದ್ದೇ ಇರುತ್ತದೆ. ಅದನ್ನು ಹಿಡಿದುಬಿಟ್ಟರೆ ಅಣ್ಣ ತೆಪ್ಪಗಾಗಬೇಕು.

ಸಂಜೆ ಅಮ್ಮ ವ್ಯಾನ್ ತೊಳೆಯುತ್ತಿದ್ದಳು. ಮೊಂಡಿ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ಕೈಗೆತ್ತಿಕೊಂಡಳು.

"ನಂಗರ್ಧ ಕೊಡೇ," ಎಂದಳು ಅಮ್ಮ.

ಮೊಂಡಿ ಮುರಿದು ಅಮ್ಮನ ಬಾಯಿಗಿಟ್ಟಳು.

"ಇನ್ನೂ ಅರ್ಧ."

"ಅಮ್ಮಾ! ಇರೋದೇ ಇಷ್ಟು!"

"ಇರೋದ್ರಲ್ಲೇ ಅರ್ಧ." ಅಮ್ಮ ನಗುತ್ತಾ ಮತ್ತೆ ಬಾಯಿ ತೆರೆದಳು.

ಹೀಗೇ ಮುರಿದು ಮುರಿದು, ಕೊನೆಗೆ ಅಂಗೈಯಲ್ಲಿ ಬರೀ ಪುಡಿ ಉಳಿಯಿತು. ಇನ್ನು ಮುರಿಯಲು ಆಗುವಂತಿರಲಿಲ್ಲ.

ಮೊಂಡಿ ಆ ಪುಡಿಯನ್ನೇ ನೋಡುತ್ತಾ ಕೂತಳು. ಬಿಸ್ಕತ್ತು ಪುಡಿಯಾಗುತ್ತದೆ. ಸಂಖ್ಯೆ ಪುಡಿಯಾಗುವುದಿಲ್ಲವಲ್ಲ! ಎಷ್ಟೇ ಚಿಕ್ಕದಿರಲಿ, ಅದರಲ್ಲಿ ಅರ್ಧ ಇದ್ದೇ ಇದೆ. ಆ ಅರ್ಧದಲ್ಲೂ ಅರ್ಧ. ಹಾಗಾದರೆ ತಾನು ವಾರವಿಡೀ ಹುಡುಕಿದ್ದು ಎಲ್ಲೂ ಇಲ್ಲ.

ಅವಳಿಗೆ ನಗು ಬಂತು. ಮೊದಲು ಹೇಳಿದವರು ಸೋಲಲೇಬೇಕಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು.

ಬೆಳಿಗ್ಗೆ ವ್ಯಾನಿನ ಹತ್ತಿರ ಅವಳು, "ಇವತ್ತು ನೀನ್ ಮೊದ್ಲು ಹೇಳು," ಎಂದಳು.

"ಯಾರು ಮೊದ್ಲು ಹೇಳಿದ್ರೇನು? ಗೆಲ್ಲೋನು ನಾನೇ." ಅಣ್ಣ ಉಸಿರು ಎಳೆದುಕೊಂಡ. "ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ..." ಉಸಿರು ಮುಗಿಯುವವರೆಗೂ ಸೊನ್ನೆ ಹೇಳಿ, "ಒಂದು!" ಎಂದ.

"ಅದ್ರಲ್ಲಿ ಅರ್ಧ," ಎಂದಳು ಮೊಂಡಿ.

ಅಣ್ಣ ಹಿಂದೆ ಹೋಗಿ ಕೂತ. ಅವನ ಕಿವಿ ಕೆಂಪಾಗಿತ್ತು. ಅವನು ಮೋಸವೇನೂ ಮಾಡಿರಲಿಲ್ಲ. ತಾನು ಜಾಣ, ಅದಕ್ಕೇ ಗೆಲ್ಲುತ್ತೇನೆ ಎಂದು ನಿಜಕ್ಕೂ ನಂಬಿದ್ದ.

ವ್ಯಾನ್ ಹೊರಟಿತು. "ಏನೇ ಮಹಾರಾಣಿ, ಏನ್ ಸಮಾಚಾರ?" ಎಂದಳು ಅಮ್ಮ. ಹೇಳಲು ಒಂದು ವಾರದ ಮಾತಿತ್ತು. ಆದರೆ ಮೊಂಡಿಯ ಕಣ್ಣು ಕನ್ನಡಿಯ ಮೇಲೆ ಬಿತ್ತು. ಹಿಂದೆ ಅಣ್ಣ ಒಬ್ಬನೇ ಕೂತು ಬೆರಳು ಮಡಚುತ್ತಿದ್ದ. "ಇನ್ನೂ ನಾಲ್ಕು ಸೊನ್ನೆ ಹಾಕಬೇಕಿತ್ತು," ಎಂದು ಗೊಣಗುತ್ತಿದ್ದ.

ಮೊಂಡಿ ಹಿಂದಕ್ಕೆ ತಿರುಗಿದಳು.

"ಅಣ್ಣಾ, ಎಣಿಸ್ಬೇಡ. ಅದು ಸಿಗಲ್ಲ."

"ಯಾವ್ದು?"

"ಎಲ್ಲಕ್ಕಿಂತ ಚಿಕ್ಕದು. ನಾಳೆ ನೀನು ಇಲ್ಲಿ ಕೂತ್ಕೊ. ನಾಡಿದ್ದು ನಾನು."

ಅಣ್ಣ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.