ಕಣದ ನಾಲ್ಕು ಮೂಲೆ

"ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಗೋಡೌನಿನ ಬೀಗ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ. ಸಂಜೆಯೊಳಗೆ ತೋಟದ ಲೈನ್ ಮನೆ ಖಾಲಿ ಮಾಡೋ, ಕಳ್ಳ."

ಬೆಳಗಿನ ಹಾಜರಿಗೆ ನಿಂತವರೆಲ್ಲರ ಎದುರಿಗೆ ಸಾಹುಕಾರ ಹರ್ಷವರ್ಧನ ಹೀಗಂದಾಗ ಅರುಣನ ಮೈಯೆಲ್ಲ ಉರಿದುಹೋಯಿತು.

ಹಿಂದಿನ ದಿನ ಮಧ್ಯಾಹ್ನ ಆಲ್ದೂರು ಕಡೆಯಿಂದ ಅಕಾಲ ಮಳೆ ನುಗ್ಗಿತ್ತು. ಸೀಟಿ ಊದಿದರೆ ಎಲ್ಲರೂ ಕಣಕ್ಕೆ ಓಡಬೇಕು, ಅದು ತೋಟದ ಕಟ್ಟಳೆ. ಹಣ್ಣಿನ ಸಿಪ್ಪೆ ಸುಲಿದು ಒಣಗಲು ಹರವಿದ ಕಾಫಿ ಪಾರ್ಚ್‌ಮೆಂಟನ್ನು ರಾಶಿ ಎಳೆದು ಟಾರ್ಪಾಲು ಹೊದಿಸಿದರು. ಮಳೆ ನಿಲ್ಲುವತನಕ ಅರುಣ, ಲಕ್ಕಯ್ಯ, ನಂಜಮ್ಮ, ತೋಟದ ಲೆಕ್ಕ ಬರೆಯುವ ರೈಟರ್ ದಯಾನಂದ ಒಂದೊಂದು ಮೂಲೆ ಹಿಡಿದರು. ಉಳಿದವರು ಹಣ್ಣು ಸುಲಿಯುವ ಪಲ್ಪರ್ ಶೆಡ್ಡಿನಲ್ಲಿ ಒಟ್ಟಿಗೇ ನಿಂತರು. ಅವಸರಕ್ಕೆ ಅರುಣ ಗೋಡೌನಿಗೆ ಬೀಗ ಹಾಕಿರಲಿಲ್ಲ. ಮಳೆ ನಿಂತ ಮೇಲೆ ನೋಡಿದರೆ, ವ್ಯಾಪಾರಿಗೆಂದು ಆರಿಸಿಟ್ಟಿದ್ದ ಕಾಫಿ ಮೂಟೆ ಮಾಯ.

"ಸ್ವಲ್ಪ ತಡಿ ಹರ್ಷ," ಎಂದರು ಸರ್ವಮಂಗಳಮ್ಮ. ಸಾಹುಕಾರರ ಚಿಕ್ಕಮ್ಮ, ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ತೋಟದಲ್ಲೇ ಇದ್ದರು. ಸುತ್ತಲಿನ ತೋಟಗಳ ಕಳ್ಳತನವೆಲ್ಲ ಅವರ ಜಗುಲಿಗೇ ಬರುತ್ತಿತ್ತು.

ಅವರು ಟಾರ್ಪಾಲು ತೆಗೆಸಿ, ರಾಶಿಯ ಸುತ್ತ ಕೈಯಾಡಿಸುತ್ತ ಬಂದರು.

"ಲಕ್ಕಯ್ಯ, ಗಾಳಿ ಯಾವ ಕಡೆಯಿಂದ ಇತ್ತು?"

"ಮೂಡಗಾಳಿ ಅಮ್ಮಾ. ಅರುಣನ ಮೂಲೆಗೇ ಹೊಡೀತಿತ್ತು."

"ಅವನು ಕಾಣ್ತಿದ್ನಾ?"

"ಎಲ್ಲಿ ಕಾಣೋದು, ರಾಶಿ ಎದೆಮಟ್ಟ ಇತ್ತು. ಆ ಮಳೇಲಿ ನನ್ನ ಕೈಯೇ ನನಗೆ ಕಾಣ್ಲಿಲ್ಲ."

"ದಯಾನಂದ, ನೀವು?"

"ಪಡುವಣ ಮೂಲೆ ಬಿಟ್ಟು ಅಲ್ಲಾಡಿಲ್ಲ ಅಮ್ಮಾ."

ಸರ್ವಮಂಗಳಮ್ಮ ಎಲ್ಲರನ್ನೂ ಹತ್ತಿರ ಕರೆದರು. "ಈ ಮೂರು ಮೂಲೆ ಮುಟ್ಟಿ ನೋಡಿ, ಗರಿಗರಿ ಇದೆ. ಗಾಳಿಗೆ ಎದುರಾಗಿದ್ದ ಮೂಲೆಯನ್ನ ಅರುಣ ಒಂದು ಗಳಿಗೆ ಬಿಟ್ಟಿದ್ರೂ ಟಾರ್ಪಾಲು ಹಾರಿ ಇಡೀ ರಾಶಿ ನೆನೀತಿತ್ತು. ಈಗ ಪಡುವಣದ ಕಡೆ ನೋಡಿ. ಅಂಚಿನ ಕಾಫಿ ನೆಂದು ಕಪ್ಪಾಗಿದೆ. ಟಾರ್ಪಾಲಿನ ಅಂಚು ಎದ್ದು ನೀರು ಒಳಗೆ ಹೋಗಿದೆ, ಅಲ್ಲಿ ಹಿಡಿದವರು ಯಾರೂ ಇರ್ಲಿಲ್ಲ. ಮಳೆ ನಿಲ್ಲೋ ಹೊತ್ತಿಗೆ ವಾಪಸ್ ಬಂದು ಮತ್ತೆ ಹಿಡಿದಿದ್ದಾರೆ, ಅಷ್ಟೆ. ಗೋಡೌನ್ ಬಾಗಿಲು ಇರೋದೂ ಆ ಮೂಲೆಯ ಹಿಂದೇನೇ."

"ರೈಟ್ರೇ, ಹೇಳ್ರೀ ಈಗ," ಎಂದಳು ನಂಜಮ್ಮ. "ಮಳೇಲಿ ನಿಂತು ನಮ್ಮ ರಟ್ಟೆ ಬಿದ್ದುಹೋಯ್ತು."

ಸರ್ವಮಂಗಳಮ್ಮ ಆಳು ಕಳಿಸಿ ಹುಡುಕಿಸಿದಾಗ ದಯಾನಂದನ ಸೌದೆ ಕೊಟ್ಟಿಗೆಯಲ್ಲಿ ಮೂಟೆ ಸಿಕ್ಕಿತು.

"ಟಾರ್ಪಾಲು ಹಿಡಿಯೋಕೆ ಮೂರು ಜನ ಇದ್ರಲ್ಲ, ಸಾಕು ಅಂದ್ಕೊಂಡೆ," ಎಂದ ಅವನು, ತಲೆ ತಗ್ಗಿಸಿ.

ಸಾಹುಕಾರರು ಅರುಣನ ಹತ್ತಿರ ಬಂದು ದನಿ ತಗ್ಗಿಸಿದರು. "ಆಗಿದ್ದು ಆಯ್ತು ಮಾರಾಯ. ಒಂದು ಮಾತು ಬಂತು, ಮರೆತುಬಿಡು. ನಡಿ, ಕೆಲಸ ನೋಡು."

ಅರುಣ ಅವರನ್ನು ನೋಡಿದ, ಸುತ್ತ ನಿಂತವರನ್ನು ನೋಡಿದ. ಕಳ್ಳ ಅಂದದ್ದು ಕೂಗಿ, ಮರೆತುಬಿಡು ಅಂದದ್ದು ಪಿಸುಗುಟ್ಟಿ. ಅವನು ತಿರುಗಿ, ಕಣ ದಾಟಿ, ಗೇಟಿನ ಕಡೆ ನಡೆದುಬಿಟ್ಟ.