ಕಡೀ ಇಟ್ಟಂಗಿ

ಏಳು ಹೊಳಿ ಆಚೆ ಒಬ್ಬಳು ರಾಜಕುಮಾರಿ ಇದ್ದಳಂತೆ. "ಬ್ಯಾಸಗಿ ಒಳಗ ಬರಲಾರದಂಥ ಮನಿ ಕಟ್ಟಿದವನನ್ನೇ ಮದುವಿ ಆಗ್ತೀನಿ" ಅಂತ ಹಠ ಹಿಡಿದಿದ್ದಳಂತೆ...

ದೇವದುರ್ಗದ ತಗಡಿನ ಮನೆಯಲ್ಲಿ ಬೀಸಣಿಕೆ ಬೀಸುತ್ತಾ ನಾನಿ, ಅಂದರೆ ಅಜ್ಜಿ ಮುನ್ನೀ ಬೀ ಹೇಳುತ್ತಿದ್ದ ಈ ಕಥೆ ಕೇಳಿಯೇ ಯಾಸ್ಮೀನ್ ಬೆಳೆದವಳು. ರಾಯಚೂರಿನಲ್ಲಿ ಓದಿ, ಮಣ್ಣಿನ ಮನೆ ಕಟ್ಟುವುದನ್ನೇ ಕಸುಬು ಮಾಡಿಕೊಂಡ ಮಾನ್ವಿಯ ವಸೀಮ್ ಅವಳನ್ನು ನೋಡಲು ಬಂದಾಗ, ಅವಳು ಕೇಳಿದ್ದು ಒಂದೇ.

"ಗೂಗಲ್ ಹಳ್ಳ್ಯಾಗ ನಾನಿಯ ಹಳೇ ಮನಿ ಬಿದ್ದದ. ಅದರ ತೊಲಿ ಹಾಕೇ ನಮ್ಮ ಮನಿ ಕಟ್ತೀರೇನು?"

"ಕಟ್ತೀನಿ. ಕಡೀ ಇಟ್ಟಂಗಿ ನಿಮ್ಮ ಕೈಲೇ ಇಡಸ್ತೀನಿ!"

ಆದರೆ ಇವತ್ತು, ದೇವದುರ್ಗದ ಬಸ್ ಸ್ಟ್ಯಾಂಡ್ ಎದುರು ಅವಳು ಗಕ್ಕನೆ ನಿಂತಳು.

ಟ್ರ್ಯಾಕ್ಟರ್ ತುಂಬಾ ತೊಲೆಗಳು! ಒಂದರ ತುದಿಯಲ್ಲಿ ಕೊಕ್ಕು ಮುರಿದ, ಮರದಲ್ಲಿ ಕೆತ್ತಿದ ಗಿಳಿ... ಚಿಕ್ಕಂದಿನಲ್ಲಿ ಅಜ್ಜ ನಾನಾನ ಹೆಗಲೇರಿ ಅದಕ್ಕೆ ಬೆಲ್ಲ ತಿನ್ನಿಸಿದವಳು ಅವಳೇ. ಪಕ್ಕದಲ್ಲಿ ಕೂತಿದ್ದವನು ವಸೀಮ್.

"ಎಲ್ಲಿಗ್ರಿ ಇವು?"

ಅವನ ಮುಖ ಕಂದಿತು. "ಮಲ್ಲಟ ಊರಿಗೆ... ಪಕೀರಮ್ಮ ಅಂತ, ಕೂಲಿ ಮಾಡ್ತಾಳ. ಮಾಳಗಿ ಕುಸಿದು ಮಕ್ಕಳು ಬಯಲಾಗ ಮಲಗಾಕತ್ತಾವ. ನಾನೀನ ಕೇಳೇ ತಂದೀನಿ. ನಿಮಗ ಹೇಳಬ್ಯಾಡ ಅಂದ್ರು..."

ಇಬ್ಬರೂ ಕೂಡಿ!

"ತೊಲಿ ನಾನೀದು. ಮಾತು? ಅದನ್ನ ನನಗ ಕೊಟ್ಟಿದ್ರಿ! ಮದುವಿ ಮಾತನ್ನೂ ಇದೇ ಟ್ರ್ಯಾಕ್ಟರ್‌ನಾಗ ಹೇರಿಕೊಂಡು ಹೋಗ್ರಿ!"

ಮನೆಯಲ್ಲಿ ನಾನಿ ಸಮಾಧಾನ ಹೇಳಿದಳು. "ತೊಲಿಗೆ ಜೀವ ಇಲ್ಲ ಬೇಟಾ. ಆ ಮಕ್ಕಳಿಗೆ ಅದ."

"ಕೇಳಿದ್ರ ನಾನೇ ಕೊಡ್ತಿದ್ದೆ ನಾನಿ... ಕೊಡಾಂಗಿಲ್ಲ ಅಂತ ನೀವಿಬ್ಬರೂ ಹೆಂಗ ತಿಳಕೊಂಡ್ರಿ?"

ನಾನಿಯ ಕೈಯಲ್ಲಿದ್ದ ಬೀಸಣಿಕೆ ನಿಂತುಹೋಯಿತು.

ಬಿಸಿಲು ಬಲಿಯಿತು. ವಸೀಮ್‌ನ ಫೋನನ್ನು ಅವಳು ಎತ್ತಲೇ ಇಲ್ಲ. ಕೊನೆಗೊಂದು ದಿನ ನಾನಿಯೇ ಹಠ ಮಾಡಿ ಅವಳನ್ನು ಗೂಗಲ್‌ಗೆ ಕರೆದೊಯ್ದಳು.

ಹಳೇ ಮನೆಯ ಜಾಗದಲ್ಲಿ ಹೊಸ ಮನೆ! ಮೇಲೆ ದರ್ಗಾದ ಗುಮ್ಮಟದಂಥ ಮಾಳಿಗೆ, ಒಂದೂ ತೊಲೆಯಿಲ್ಲ. ಹೊರಗೆ ಕೆಂಡ ಸುರಿಯುತ್ತಿದ್ದರೂ ಒಳಗೆ ಕಾಲಿಟ್ಟರೆ ಹೊಸ ಮಡಕೆಯ ತಂಪು... ಗುಮ್ಮಟದ ನೆತ್ತಿಯಲ್ಲಿ ಒಂದೇ ಇಟ್ಟಂಗಿಯಷ್ಟು ಕಿಂಡಿ ಉಳಿದಿತ್ತು. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ಬಿದ್ದಿತ್ತು.

"ನಾನಿಯ ಹಳೇ ಮನಿ ಗ್ವಾಡಿ ಮಣ್ಣೇ ಕಲಸಿ ಇಟ್ಟಂಗಿ ಹಾಕೀನಿ," ಕೈಯ ಸುಣ್ಣ ಒರೆಸಿಕೊಳ್ಳುತ್ತಾ ವಸೀಮ್ ಅಂದ. "ನಿಮ್ಮನ್ನ ಕೇಳದೇ ಮಾತು ಮುರಿದವ ನಾ. ಉಳಿದದ್ದು ಇದೊಂದು ಮಾತು."

"ನಾ ಬರದಿದ್ರ?"

"ಕಿಂಡಿ ಹಂಗೇ ಇರ್ತಿತ್ತು."

"ಮಳಿ ಬಂದ್ರ?"

"ತೋಯ್ತಿತ್ತು. ಬ್ಯಾರೆ ಕೈಲೆ ಮುಚ್ಚಸ್ತಿರಲಿಲ್ಲ."

"ಸಿಟ್ಟು ಇನ್ನೂ ಅದ, ವಸೀಮ್."

"ಇರ್ಲಿ. ಅದಕ್ಕೂ ಒಳಗ ಜಾಗ ಬಿಟ್ಟೀನಿ."

"ಇನ್ನ ಮ್ಯಾಲ ಒಳ್ಳೇದು ಮಾಡಾಕೂ ನನ್ನ ಕೇಳಬೇಕು!"

"ಈಗ ಕೇಳಾಕತ್ತೀನಲ್ರಿ... ಇಡ್ತೀರೇನು?"

ಅವಳು ಇಟ್ಟಂಗಿ ಇಸಿದುಕೊಂಡು ನಿಚ್ಚಣಿಕೆ ಹತ್ತಿದಳು. ಕೆಳಗೆ ಅವನು ನಿಚ್ಚಣಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

ನೆಲದ ಮೇಲಿನ ಬಿಸಿಲು ಸಣ್ಣದಾಯಿತು... ಇನ್ನೂ ಸಣ್ಣದಾಯಿತು... ಆಮೇಲೆ ಇಲ್ಲವಾಯಿತು.