ನೀಲಿ ತಂತಿಯ ತುದಿ

“ಐಲೀ, ನೀಲಿ ತಂತಿ ಹಾಕಿದ್ಯಾ?”

ಬಿಸಿಗಾಳಿಯ ಕೊಳವೆಯೊಳಗಿಂದ ಅಮ್ಮನ ದನಿ ಬಂತು. ಅಮ್ಮ ಮೇಲೆ ಹಾಲ್‌ನಲ್ಲಿ. ಮನೆಯ ಬಿಸಿ ಹೆಚ್ಚುಕಡಿಮೆ ಮಾಡುವ ಹೊಸ ಥರ್ಮೋಸ್ಟಾಟನ್ನು ಗೋಡೆಗೆ ಕೂರಿಸುತ್ತಿದ್ದಳು. ಐಲಿ ಕೆಳಗೆ, ನೆಲಮಾಳಿಗೆಯಲ್ಲಿ, ಮನೆಗೆಲ್ಲ ಬಿಸಿಗಾಳಿ ಊದುವ ಫರ್ನೇಸ್‌ನ ಮುಂದೆ.

“ಹಾಕ್ದೆ!”

ಹಾಕಿದ್ದೇನೋ ನಿಜ. ‘ಸಿ’ ಎಂದು ಬರೆದಿದ್ದ ತಿರುಪಿನ ಕೆಳಗೇ ಸಿಕ್ಕಿಸಿದ್ದಳು. ಆದರೆ ತುದಿಯ ಪ್ಲಾಸ್ಟಿಕ್ ಸುಲಿದಿರಲಿಲ್ಲ. ಸುಲಿಯದಿದ್ದರೆ ಕರೆಂಟ್ ಹರಿಯುವುದಿಲ್ಲ ಎಂದು ಅಮ್ಮನೇ ಹೇಳಿಕೊಟ್ಟಿದ್ದಳು.

“ಸರಿ, ಫರ್ನೇಸ್ ಸ್ವಿಚ್ ಹಾಕು!”

ಐಲಿ ಹಾಕಿದಳು.

“ಅಯ್ಯೋ, ಸ್ಕ್ರೀನೇ ಬರ್ತಿಲ್ವಲ್ಲೇ!”

ಐಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೊಸ ಥರ್ಮೋಸ್ಟಾಟ್ ದೊಡ್ಡ ಚಾಡಿಕೋರ. ಎಷ್ಟು ಗಂಟೆಗೆ ಬಿಸಿ ಏರಿಸಿದರು ಎಂದು ಅಮ್ಮನ ಫೋನಿಗೆ ಹೇಳಿಬಿಡುತ್ತದೆ. ಮನೆಯಲ್ಲಿ ಅಜ್ಜನ ಕಾನೂನು: ಅರವತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ಒಂದೂ ಹೆಚ್ಚಿಲ್ಲ. “ಚಳಿಯಾದ್ರೆ ಸ್ವೆಟರ್ ಹಾಕ್ಕೋ. ಅದಿರು ಹಡಗಲ್ಲಿ ನಲವತ್ತು ವರ್ಷ ದುಡಿದೆ, ಹೀಟರ್ ಮುಖ ನೋಡಿದ್ನಾ?” ದಿನಾ ಸಂಜೆ ಅಜ್ಜ ಗೊರಕೆ ಹೊಡೆಯುವಾಗ ಐಲಿ ಹಳೆಯ ಥರ್ಮೋಸ್ಟಾಟನ್ನು ಎಪ್ಪತ್ತಕ್ಕೆ ಏರಿಸುತ್ತಿದ್ದಳು. ಅವನು ಏಳುವ ಮೊದಲು ಇಳಿಸುತ್ತಿದ್ದಳು.

ಮೆಟ್ಟಿಲು ಕಿರುಗುಟ್ಟಿತು. ಅಜ್ಜ ಇಳಿದು ಬಂದ. ಕನ್ನಡಕ ಏರಿಸಿ ಬಗ್ಗಿ ನೋಡಿದ.

“ಏ ಕಳ್ಳಿ! ತುದಿ ಸುಲಿದೇ ಇಲ್ಲ!”

ಅಜ್ಜ ಮೇಲೊಮ್ಮೆ ನೋಡಿ ಪಿಸುಗುಟ್ಟಿದ. “ಹಾಗೇ ಬಿಡು.”

“ಯಾಕಜ್ಜಾ?”

“ಬೆಳಿಗ್ಗೆ ನೀವಿಬ್ರೂ ಹೊರಗೆ ಹೋದ್ಮೇಲೆ ನಾನು... ಸ್ವಲ್ಪ ಏರಿಸ್ಕೋತೀನಿ.”

“ಸ್ವಲ್ಪ ಅಂದ್ರೆ?”

“ಎಪ್ಪತ್ತೆರಡು.”

“ಎಪ್ಪತ್ತೆರಡಾ! ನಾನೇ ಎಪ್ಪತ್ತು!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕರು.

ಅಷ್ಟರಲ್ಲಿ ಕೊಳವೆಯಲ್ಲಿ ಅಮ್ಮ ತನಗೆ ತಾನೇ ಮಾತಾಡಿಕೊಳ್ಳುವುದು ಕೇಳಿಸಿತು. “ನಾಲ್ಕು ಸಲ ವಿಡಿಯೋ ನೋಡ್ದೆ. ಪಕ್ಕದ್ಮನೆ ಓರ್ವಿಲ್‌ಗೆ ಬೇರೆ, ನಾನೇ ಮಾಡ್ತೀನಿ, ನೀನು ಬರ್ಬೇಡ ಅಂದೆ. ನನ್ನ ಕೈಲಿ ಒಂದೂ ಆಗಲ್ಲ.” ಮೂಗು ಎಳೆದುಕೊಂಡ ಸದ್ದು.

ಅಜ್ಜನ ನಗು ನಿಂತಿತು. ಐಲಿ ಅವನನ್ನು ಕೇಳಲಿಲ್ಲ. ಸ್ವಿಚ್ ಆಫ್ ಮಾಡಿ, ತಿರುಪು ಸಡಿಲಿಸಿ, ತುದಿ ಸುಲಿದಳು. ತಾಮ್ರ ಹೊಳೆಯಿತು. ಬಿಗಿದು, ಸ್ವಿಚ್ ಹಾಕಿದಳು.

“ಬಂತು! ಬಂತು ಬಂತು!” ಮೇಲೆ ಅಮ್ಮ ಕುಣಿದ ಸದ್ದಿಗೆ ಧೂಳು ಉದುರಿತು. “ಅಪ್ಪಾ, ನಾನೇ ಮಾಡ್ದೆ! ಎಷ್ಟಕ್ಕಿಡ್ಲಿ? ಅರವತ್ತೆರಡಾ?”

ಅಜ್ಜ ಬೆರಳುಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ನಿಂತಿದ್ದ. ಅಷ್ಟು ದೊಡ್ಡ ಅಜ್ಜನಿಗೆ ಒಂದು ಚಿಕ್ಕ ಮಾತು ಆಡಲಾಗುತ್ತಿರಲಿಲ್ಲ.

ಐಲಿ ಕೊಳವೆಗೆ ಬಾಯಿಟ್ಟು ಕೂಗಿದಳು. “ಎಪ್ಪತ್ತೆರಡು! ನಂಗೆ ಚಳಿ ಅಮ್ಮಾ!”

“ಅಜ್ಜ ಒಪ್ಬೇಕಲ್ಲೇ!”

ಅಜ್ಜ ಗಂಟಲು ಸರಿಮಾಡಿಕೊಂಡ. “ಇರ್ಲಿ ಬಿಡು. ಮಗೂಗೋಸ್ಕರ ಸೆಕೆ ತಡ್ಕೋತೀನಿ.”

ಫರ್ನೇಸ್ ಗುರ್ರೆಂದು ಹೊತ್ತಿಕೊಂಡಿತು. ಅಜ್ಜ ಅದರ ಹತ್ತಿರಕ್ಕೆ ಸರಿದು ಎರಡೂ ಕೈ ಚಾಚಿದ. ಐಲಿ ಆ ಕಡೆ ನೋಡದೆ ಸ್ಕ್ರೂಡ್ರೈವರ್‌ಗಳನ್ನು ಡಬ್ಬಿಗೆ ತುಂಬಿದಳು, ನಿಧಾನವಾಗಿ, ಒಂದೊಂದಾಗಿ.